ಸೂಜಿ ಓಡಿಸುವವರಿಗೇ ಸೂಜಿಯ ಭಯ

ಬಳ್ಳಾರಿಯ ಜೀನ್ಸ್ ಘಟಕವೊಂದರ ಟೈಲರ್, ವಯಸ್ಸು ನಲವತ್ತರ ಆಸುಪಾಸು. ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.

ಎಂಟು ತಿಂಗಳಿಂದ ಬಲಗತ್ತು ಹಿಡಿತ, ಹೆಬ್ಬೆರಳವರೆಗೆ ಜೋಮು. ಕತ್ತಿನಲ್ಲಿ ನರದ ಬೇರು ಒತ್ತಿ ಸ್ನಾಯು ಬಿಗಿದಿದೆ ಎಂದು ವೈದ್ಯರು ಡ್ರೈ ನೀಡ್ಲಿಂಗ್‌ಗೆ, ಅಂದರೆ ಬಿಗಿದ ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆಗೆ, ಕಳಿಸಿದ್ದರು. ಒಂದೇ ಸಲ ಹೋಗಿ ಬಿಟ್ಟಿದ್ದ ಇವರು ನಮ್ಮ ಬಳಿ ಬಂದು ಕೇಳಿದರು:

"ನರಕ್ಕ ಚುಚ್ಚಿ ಕೈ ಬಿದ್ದುಹೋದ್ರ ಹೆಂಗ್ರೀ ಮೇಡಂ? ನಮ್ಮಪ್ಪಗೂ ಜೋಮು ಹಿಡದ ಲಕ್ವ ಹೊಡದಿತ್ತು."

ಭಯದ ಬೇರು ಅಲ್ಲಿತ್ತು. ಲಕ್ವ ಸಾಮಾನ್ಯವಾಗಿ ಹಠಾತ್ತನೆ ಬರುತ್ತದೆ: ಬಾಯಿ ಸೊಟ್ಟ, ಮಾತು ತೊದಲು, ಒಂದು ಬದಿಯ ಕೈಕಾಲು ಸೋಲು. ಕತ್ತು ಹೊರಳಿಸಿದಾಗ ಹೆಚ್ಚುವ, ತಿಂಗಳುಗಟ್ಟಲೆ ಇರುವ ಜೋಮಿನ ಬಗೆ ಬೇರೆ. ಆದರೂ ಬಿಪಿ, ಶುಗರ್ ನೋಡಿಸಲು ಹೇಳಿದೆವು. ಅಪ್ಪನ ನೆನಪಿಗೆ ಬರೀ ಸಮಾಧಾನದ ಮಾತು ಸಾಲದು.

ಸೂಜಿಯ ಮಾತು ಅವರ ಕಸುಬಿನಿಂದಲೇ ತೆಗೆದೆವು. ಡೆನಿಮ್‌ಗೆ ಹಾಕುವ 18ನೇ ನಂಬರ್ ಮಷೀನ್ ಸೂಜಿ 1.1 ಮಿ.ಮೀ. ದಪ್ಪ, ಈ ಚಿಕಿತ್ಸೆಯ ಸೂಜಿ ಸುಮಾರು 0.30. ಒಳಗೆ ತೂತಿಲ್ಲ, ಔಷಧಿ ಇಲ್ಲ. ಗುರಿ ನರವಲ್ಲ, ಸ್ನಾಯುವಿನೊಳಗೆ ಹುರಿಗಟ್ಟಿದ ಜಾಗ. ತಾಗಿದಾಗ ಸ್ನಾಯು ಒಮ್ಮೆ ಪಟ್ಟನೆ ಮಿಡಿಯುತ್ತದೆ. ಅದನ್ನೇ ಇವರು ಕರೆಂಟ್ ಹೊಡೆಯಿತೆಂದು ತಿಳಿದಿದ್ದರು. ಕೆನಡಾದ ಡಾ. ಚಾನ್ ಗನ್ 1970ರ ದಶಕದಲ್ಲಿ ರೂಪಿಸಿದ ಪದ್ಧತಿಯಲ್ಲಿ ಬೆನ್ನೆಲುಬಿನ ಪಕ್ಕಕ್ಕೂ ಸೂಜಿ ಹಾಕುವುದು ಇದಕ್ಕೇ: ನೋವು ಹೆಗಲಲ್ಲಿದ್ದರೂ ತೊಂದರೆ ಹುಟ್ಟುವುದು ಕತ್ತಿನಲ್ಲಿ.

ಮೊದಲ ಸಲ ಕೆಟ್ಟದ್ದೆಲ್ಲಿ? ಚುಚ್ಚಿಸಿಕೊಂಡ ರಾತ್ರಿಯೇ ಓವರ್‌ಟೈಮ್. ಒಂದೆರಡು ದಿನ ಮೈ ಗುದ್ದಿದಂತೆ ನೋಯುವುದು ಸಹಜ. ಅದರ ಮೇಲೆ ಹೊಲಿಗೆ ಕೆಲಸವೂ ಬಿದ್ದರೆ ಚಿಕಿತ್ಸೆಯೇ ಕೆಡುಕು ಮಾಡಿತು ಎನಿಸುತ್ತದೆ.

ಹಾಗಾಗಿ ಸಲಹೆ: ಶನಿವಾರ ಸಂಜೆ, ಮರುದಿನ ರಜೆ ಇಟ್ಟುಕೊಂಡು. ಖಾಲಿ ಹೊಟ್ಟೆಯಲ್ಲಿ ಬೇಡ, ತಲೆ ಸುತ್ತುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಬೇಕು. ಸೂಜಿಯ ಪ್ಯಾಕೆಟ್ ಕಣ್ಣೆದುರೇ ಒಡೆಸಬೇಕು. ಹೆಗಲಿನ ಸೂಜಿಯ ನಂತರ ಎದೆನೋವು, ಉಸಿರುಕಟ್ಟು ಬಂದರೆ ಶ್ವಾಸಕೋಶಕ್ಕೆ ತಾಗಿರಬಹುದು, ತಕ್ಷಣ ಆಸ್ಪತ್ರೆಗೆ. ಹಿಡಿತ ಸೋತು ದಾರ ಪೋಣಿಸಲಾಗದಿದ್ದರೆ, ನಡಿಗೆ ತಪ್ಪಿದರೆ, ಮೂತ್ರದ ಹಿಡಿತ ಹೋದರೆ ವಾರದ ಸರದಿ ಕಾಯುವಂತಿಲ್ಲ.

"ನೋವು ಹತ್ತಕ್ಕೆ ಎಷ್ಟು?" ಎಂದರೆ ಇವರು ದಿನವೂ "ಎಂಟು" ಎನ್ನುತ್ತಿದ್ದರು. ಬದಲಿಗೆ, ಜೋಮು ಏಳುವ ಮೊದಲು ಎಷ್ಟು ಪೀಸು ಆಯಿತು ಎಂದು ಲೆಕ್ಕದ ಚೀಟಿಯ ಹಿಂದೆ ಬರೆಯಲು ಹೇಳಿದೆವು. ನಾಲ್ಕು ವಾರದಲ್ಲಿ ಆ ಅಂಕಿ ಏರದಿದ್ದರೆ ಸೂಜಿ ನಿಲ್ಲಿಸಿ ವೈದ್ಯರ ಬಳಿಗೆ.

ಕತ್ತು ಬಗ್ಗುವುದು ಕಡಿಮೆಯಾಗಲೆಂದು ಹೊಲಿಗೆ ಮೇಜಿನ ಕಾಲಿಗೆ ಎರಡಿಂಚಿನ ಮರದ ತುಂಡು ಕೊಟ್ಟು ಎತ್ತರಿಸಿದರು. ಮೊದಲ ವಾರ 12 ಪೀಸು, ನಾಲ್ಕನೆಯ ವಾರ 27. ಹೆಬ್ಬೆರಳ ಜೋಮು ಮಾತ್ರ ಹೋಗಲಿಲ್ಲ; ಚೀಟಿ ಸಮೇತ ಮತ್ತೆ ವೈದ್ಯರ ಬಳಿ ಕಳಿಸಿದೆವು.