ಕೇಳಿ, ಹೇಳ್ತೀನಿ: ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ

ಪ್ರಶ್ನೆ: ಆಫೀಸಿನ ಗೆಳತಿಯರ ಜೊತೆ ಠಾಣೆಯ ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ಹಳೇ ಇಂಗ್ಲಿಷ್ ಕಾಮಿಡಿ ನೋಡಿದೆ. ಗೂಢಚಾರರ ಸಿನಿಮಾಗಳನ್ನೇ ಗೇಲಿ ಮಾಡುವ ಚಿತ್ರ, ಮತ್ತೆ ಹಾಕಿದ್ದರು. ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಪಾಪ್‌ಕಾರ್ನ್ ತಿನ್ನುತ್ತಾ ಕೂತಿದ್ದೆ. ಬೋಳುತಲೆಯ ಖಳನಾಯಕ ಬೆಕ್ಕು ಹಿಡಿದುಕೊಂಡು ಕಾಣಿಸಿದ್ದೇ ತಡ, ಇಡೀ ಥಿಯೇಟರ್ ಹೋ ಎಂದಿತು. ಬೆಕ್ಕಿನಲ್ಲಿ ನಗುವಂಥದ್ದೇನಿದೆ? ಇಂಗ್ಲಿಷ್ ನನಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಈಗ ಆಫೀಸಿನಲ್ಲಿ ‘ಇವಳಿಗೆ ಜೋಕ್ ಹತ್ತಲ್ಲ’ ಅಂತ ಹೆಸರು ಬಿದ್ದಿದೆ.
— ಓದುಗಿ, ಡೊಂಬಿವಲಿ

ಉತ್ತರ: ಎಲ್ಲ ಆ ಬೆಕ್ಕಿನದೇ ಕಿತಾಪತಿ ತಂಗಿ. 1963ರ ಜೇಮ್ಸ್ ಬಾಂಡ್ ಚಿತ್ರ ‘ಫ್ರಮ್ ರಷ್ಯಾ ವಿತ್ ಲವ್’ನಲ್ಲಿ ದುಷ್ಟರ ಗುಂಪಿನ ಯಜಮಾನನ ಮುಖ ತೋರಿಸುವುದೇ ಇಲ್ಲ. ಮಡಿಲಲ್ಲಿ ಒಂದು ಬಿಳಿ ಬೆಕ್ಕು, ಅದನ್ನು ಸವರುವ ಕೈ, ಅಷ್ಟೇ. 1967ರಲ್ಲಿ ಮುಖ ಕಂಡಿತು. ಬೋಳುತಲೆ, ಕಣ್ಣಿನ ಹತ್ತಿರ ಗಾಯದ ಗೆರೆ. ಇನ್ನೂ ಮೂವತ್ತು ವರ್ಷ ಬಿಟ್ಟು ಬಾಂಡ್ ಚಿತ್ರಗಳನ್ನು ಗೇಲಿ ಮಾಡುವ ‘ಆಸ್ಟಿನ್ ಪವರ್ಸ್’ ಬಂದಾಗ ಅದೇ ಬೋಳುತಲೆ, ಅದೇ ಗೆರೆ. ಬೆಕ್ಕಿಗೆ ಮಾತ್ರ ಒಂದು ಕೂದಲೂ ಇಲ್ಲ! ಬಾಂಡ್‌ನ ಬೆಕ್ಕನ್ನು ನೋಡಿದವರಿಗೆ ತಡೆಯಲಾರದ ನಗು. ನೋಡದವರಿಗೆ ಅದು ಸುಮ್ನೆ ಒಂದು ಬೆಕ್ಕು, ಅದೂ ಕಾಯಿಲೆ ಬಿದ್ದದ್ದು. ನಿಮ್ಮ ಸೋದರತ್ತೆಯ ನಡಿಗೆಯನ್ನು ಯಾರಾದರೂ ಅಣಕಿಸಿದರೆ ಮನೆಯವರು ಬಿದ್ದು ಬಿದ್ದು ನಗುವುದಿಲ್ಲವೇ? ಅತ್ತೆಯನ್ನೇ ಕಾಣದವರು ಯಾಕೆ ನಗಬೇಕು ಹೇಳಿ.

ಹಾಗಂತ ಬಾಂಡ್ ಚಿತ್ರಗಳನ್ನೆಲ್ಲ ನೋಡಿ ಪರೀಕ್ಷೆಗೆ ತಯಾರಾಗಬೇಕಿಲ್ಲ. 1964ರ ‘ಗೋಲ್ಡ್‌ಫಿಂಗರ್’ ಒಂದನ್ನು ನೋಡಿಕೊಳ್ಳಿ. ಪಕ್ಕದ ಸೀಟಿನವನನ್ನು ಮೇಲಕ್ಕೆ ಚಿಮ್ಮಿಸುವ ಕಾರು ಅದರಲ್ಲಿದೆ. ಹೀರೋನನ್ನು ಮೇಜಿಗೆ ಕಟ್ಟಿಹಾಕಿ ಲೇಸರ್ ಕಿರಣ ಬಿಡುವ ವಿಲನ್ ಇದ್ದಾನೆ. ವಿಚಿತ್ರ ಸಾಮಾನುಗಳನ್ನೆಲ್ಲ ತಯಾರಿಸಿಕೊಟ್ಟು ‘ಹುಷಾರಾಗಿ ಬಳಸಪ್ಪ’ ಎಂದು ಗೊಣಗುವ ಕ್ಯೂ ಇದ್ದಾನೆ. ಅಣಕು ಚಿತ್ರಗಳ ಅರ್ಧ ಜೋಕುಗಳ ಬೇರು ಇಷ್ಟರಲ್ಲೇ ಸಿಗುತ್ತದೆ.

ಕೆಲವು ಜೋಕಿಗೆ ಈ ತಯಾರಿಯೂ ಬೇಡ ಅನ್ನಿ. ನಾನು ಫೋರ್ಟ್‌ನ ಬ್ಯಾಂಕಿನಲ್ಲಿದ್ದಾಗ ನಮ್ಮದೊಂದು ಸಿನಿಮಾ ಗುಂಪಿತ್ತು. ಕೆಲಸ ಮುಗಿಸಿ, ಬೀದಿಬದಿಯ ಸಮೋಸ ತಿಂದು, ಸ್ಟರ್ಲಿಂಗ್ ಥಿಯೇಟರಿಗೆ ನಡೆದೇ ಹೋಗುತ್ತಿದ್ದೆವು. ಬಾಂಡ್‌ನನ್ನು ಅಣಕಿಸುವ ‘ಜಾನಿ ಇಂಗ್ಲಿಷ್’ ನೋಡಿದ ಸಂಜೆ ನಮ್ಮ ಜೊತೆ ಹುಬ್ಬಳ್ಳಿಯಿಂದ ಹೊಸದಾಗಿ ವರ್ಗವಾಗಿ ಬಂದವಳೊಬ್ಬಳು ಇದ್ದಳು. ಬಾಂಡ್‌ನ ಪೋಸ್ಟರ್ ಬಿಟ್ಟರೆ ಬೇರೇನೂ ನೋಡಿದವಳಲ್ಲ. ತೆರೆಯ ಮೇಲೆ ವಿಲನ್ ತನ್ನ ಯೋಜನೆಯನ್ನೆಲ್ಲ ಸಾವಧಾನವಾಗಿ ಬಿಡಿಸಿ ಹೇಳುತ್ತಿದ್ದ. ಇವಳಿಗೆ ತಡೆಯಲಾಗಲಿಲ್ಲ. ಸೀಟಿನ ತುದಿಗೆ ಜರುಗಿ, ಕೈಯಲ್ಲಿದ್ದ ಕರ್ಚೀಫನ್ನು ಅವನ ಕಡೆ ಬೀಸಿ, ‘ಏ, ಗುಂಡ್ ಹೊಡಿಯೋದ್ ಬಿಟ್ಟು ಪುರಾಣ ಯಾಕ್ ಹೇಳಾಕತ್ತಿ!’ ಎಂದಳು, ಜೋರಾಗಿಯೇ. ಮುಂದಿನ ಸಾಲಿನ ಟೈ ಕಟ್ಟಿದ ಮನುಷ್ಯ ಗಕ್ಕನೆ ತಿರುಗಿದ. ಬೈಯುತ್ತಾನೆ ಅಂದುಕೊಂಡೆವು. ‘ಧಾರವಾಡೇನ್ರೀ?’ ಎಂದು ಕೇಳಿದ. ಮುಂಬಯಿಯಲ್ಲಿ ನಮ್ಮವರು ಯಾವ ಸಾಲಿನಲ್ಲಿ ಕೂತಿರುತ್ತಾರೋ ಹೇಳಲಾಗದು. ನೋಡಿ, ಬಾಂಡ್ ವಿಲನ್‌ಗಳ ದೊಡ್ಡ ದೌರ್ಬಲ್ಯವನ್ನು ಅವಳು ಯಾರ ಸಹಾಯವೂ ಇಲ್ಲದೆ ಹಿಡಿದಿದ್ದಳು.

‘ಜಾನಿ ಇಂಗ್ಲಿಷ್’ ಬಗ್ಗೆ ನನಗೆ ಬಲು ಇಷ್ಟವಾದ ಒಂದು ಸಂಗತಿ ಇದೆ. ಅದನ್ನು ಬರೆದ ಮೂವರಲ್ಲಿ ಇಬ್ಬರು ನೀಲ್ ಪರ್ವಿಸ್ ಮತ್ತು ರಾಬರ್ಟ್ ವೇಡ್. 1999 ಮತ್ತು 2002ರ ಅಸಲಿ ಬಾಂಡ್ ಚಿತ್ರಗಳನ್ನು ಬರೆದವರೂ ಇವರೇ. 2003ರಲ್ಲಿ ಅದೇ ಬಾಂಡ್‌ಗೆ ಗೇಲಿ. 2006ರಲ್ಲಿ ‘ಕ್ಯಾಸಿನೊ ರಾಯಲ್’ಗಾಗಿ ಮತ್ತೆ ಬಾಂಡ್ ಮನೆಗೇ ವಾಪಸ್! ಒಳಗಿನವರೇ ಬರೆದದ್ದಕ್ಕೆ ಅಲ್ಲಿ ಸೂಟು, ಕಾರು ಎಲ್ಲ ಅಸಲಿ ಬಾಂಡ್ ಚಿತ್ರದ ಠೀವಿಯಲ್ಲೇ ಇವೆ. ಎಡವಟ್ಟು ಒಬ್ಬನೇ, ರೋವನ್ ಅಟ್ಕಿನ್ಸನ್ ನಟಿಸಿದ ಜಾನಿ. ಬ್ರಿಟನ್ನಿನ ಕ್ರೆಡಿಟ್ ಕಾರ್ಡ್ ಜಾಹೀರಾತಿನಲ್ಲಿ ಹುಟ್ಟಿದ ಪಾತ್ರ ಅದು. ಆ ಮನುಷ್ಯ ಒಂದು ಸಲವೂ ನಮ್ಮನ್ನು ನಗಿಸಲು ಹೊರಡುವುದಿಲ್ಲ. ತಾನು ಜಗತ್ತಿನ ಮಹಾ ಗೂಢಚಾರ ಎಂದೇ ನಂಬಿರುತ್ತಾನೆ. ತಾನು ಕಾಮಿಡಿಯಲ್ಲಿದ್ದೇನೆ ಅಂತ ನಟನಿಗೆ ಗೊತ್ತಾದ ಗಳಿಗೆಯೇ ಸ್ಪೂಫ್, ಅಂದರೆ ಅಣಕು ಚಿತ್ರ, ಕೆಟ್ಟಿತು. ನಮ್ಮ ಎಷ್ಟೋ ಕಾಮಿಡಿಗಳು ಮುಗ್ಗರಿಸುವುದು ಇಲ್ಲೇ. ಕಣ್ಣು ಹೊಡೆದು, ಹಿಂದೆ ಟೊಂಯ್ ಅಂತ ಸದ್ದು ಹಾಕಿ, ‘ಈಗ ನಗಿ’ ಅನ್ನುತ್ತಾರೆ. ಇರಲಿ, ಅದು ಬೇರೆ ಜಗಳ.

ಆಫೀಸಿನ ಹೆಸರಿಗೆ ನನ್ನ ಹತ್ತಿರ ಮದ್ದಿದೆ. ಮುಂದಿನ ಸಲ ಮಾಹಿಮ್‌ನ ಕರ್ನಾಟಕ ಸಂಘದಲ್ಲಿ ಕನ್ನಡ ಹಾಸ್ಯ ನಾಟಕ ಇದ್ದಾಗ ನಿಮ್ಮ ಮರಾಠಿ, ಗುಜರಾತಿ ಗೆಳತಿಯರನ್ನೆಲ್ಲ ಕರೆದುಕೊಂಡು ಹೋಗಿ. ಯಾರಿಗೆ ಜೋಕ್ ಹತ್ತುತ್ತದೆ ನೋಡೋಣ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಒಬ್ಬ ಇದ್ದಾನೆ. ಕಾಮಿಡಿಯನ್ನು ಮೊದಲೇ ನೋಡಿ ಬಂದಿರುತ್ತಾನೆ, ಜೋಕಿಗಿಂತ ಮುಂಚೆ ‘ಈಗ ನೋಡು, ಈಗ ನೋಡು’ ಅಂತ ಮೊಣಕೈಯಿಂದ ತಿವಿಯುತ್ತಾನೆ. ಒಳ್ಳೆಯ ಗೆಳೆಯ, ಬಿಡುವ ಹಾಗಿಲ್ಲ. ಏನು ಮಾಡೋಣ?
— ಓದುಗ, ಕೋಥ್ರೂಡ್, ಪುಣೆ

ಉತ್ತರ: ಗೋಡೆ ಪಕ್ಕದ ಸೀಟು ಅವನಿಗೆ. ಇನ್ನೊಂದು ಪಕ್ಕಕ್ಕೆ ಅವನ ಹೆಂಡತಿ. ಮದುವೆ ಆಗಿಲ್ಲವೇ? ಹಾಗಾದರೆ ಗುಂಪಿನಲ್ಲಿ ನಿದ್ದೆ ಮಾಡುವವನು ಒಬ್ಬ ಇದ್ದೇ ಇರುತ್ತಾನಲ್ಲ, ಅವನನ್ನು ಕೂರಿಸಿ.

ಪ್ರಶ್ನೆ: ಮೊಮ್ಮಕ್ಕಳ ಜೊತೆ ಇಂಥ ಸ್ಪೈ ಕಾಮಿಡಿ ನೋಡಬಹುದೇ? ಮುಜುಗರ ಆಗುವುದಿಲ್ಲ ತಾನೇ?
— ಅಜ್ಜಿ, ಮುಲುಂಡ್

ಉತ್ತರ: ಎಲ್ಲವನ್ನೂ ನೋಡಲಾಗದು ಅಜ್ಜೀ. ಜಾನಿ ಇಂಗ್ಲಿಷ್‌ನಂಥದ್ದರಲ್ಲಿ ಬೀಳುವುದು, ಏಳುವುದೇ ಜಾಸ್ತಿ. ಆಸ್ಟಿನ್ ಪವರ್ಸ್‌ನಂಥದ್ದರಲ್ಲಿ ಮಾತಿಗೆ ಮಾತಿಗೆ ಎರಡರ್ಥ, ‘ಅಜ್ಜೀ ಹಾಗಂದ್ರೇನು’ ಅಂತ ಕೇಳಿದರೆ ನಿಮಗೇ ಕಷ್ಟ. ಈಗ ಸೆನ್ಸಾರ್ ಮಂಡಳಿ ಯುಎ ಸರ್ಟಿಫಿಕೇಟನ್ನು 7+, 13+, 16+ ಎಂದು ಮೂರು ಭಾಗ ಮಾಡಿದೆ. ಟಿಕೆಟ್ ತೆಗೆಯುವಾಗ ಅದನ್ನು ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ತಂದೆ ಅಣ್ಣಾವ್ರ ಕಟ್ಟಾ ಅಭಿಮಾನಿ. ಮೊನ್ನೆ ನನ್ನ ಮಗ ಕಾಲೇಜಿನ ಗೆಳೆಯರನ್ನು ಕರೆತಂದು ಟಿವಿಯಲ್ಲಿ ಹಳೆಯ ಸಿ.ಐ.ಡಿ. 999 ಚಿತ್ರದ ತುಣುಕುಗಳನ್ನು ಹಾಕಿ, ‘ಒಳ್ಳೇ ಸ್ಪೂಫ್ ಕಣ್ರೋ’ ಅಂತ ನಗುತ್ತಿದ್ದ. ತಂದೆ ಅವತ್ತು ರಾತ್ರಿ ಊಟಕ್ಕೆ ಬರಲಿಲ್ಲ. ಯಾರ ಪರ ಮಾತಾಡಲಿ?
— ಓದುಗ, ವಾಸ್ಕೊ, ಗೋವಾ

ಉತ್ತರ: ಮೊದಲು ತಂದೆಯವರಿಗೆ ಊಟ ಬಡಿಸಿ. ಆಮೇಲೆ ಮಗನಿಗೆ ಹೇಳಿ, ಅದು ಸ್ಪೂಫ್ ಅಲ್ಲ. ಮೊದಲ ಬಾಂಡ್ ಚಿತ್ರ ಬಂದದ್ದು 1962ರಲ್ಲಿ. ಆರೇ ವರ್ಷಕ್ಕೆ ನಮ್ಮ ನಿರ್ದೇಶಕರಾದ ದೊರೈ–ಭಗವಾನ್ ಜೋಡಿ ಅಣ್ಣಾವ್ರನ್ನು ಗೂಢಚಾರ ಸಿ.ಐ.ಡಿ. 999 ಮಾಡಿ ‘ಜೇಡರ ಬಲೆ’ ತೆಗೆಯಿತು. ಅದೇ 1968ರಲ್ಲಿ ‘ಗೋವಾದಲ್ಲಿ ಸಿ.ಐ.ಡಿ. 999’ ಕೂಡ ಬಂತು. ನಿಮ್ಮೂರು ಪೋರ್ಚುಗೀಸರ ಕೈಯಿಂದ ಬಿಡುಗಡೆಯಾದದ್ದು 1961ರ ಡಿಸೆಂಬರ್‌ನಲ್ಲಿ. ಅಂದರೆ ಆಗಿನ ಕನ್ನಡ ಪ್ರೇಕ್ಷಕನಿಗೆ ಗೋವಾ ಎಂದರೆ ಹೆಚ್ಚುಕಡಿಮೆ ಫಾರಿನ್. ಇನ್ನು ರಾಜ್‌ಕುಮಾರ್? ಬೇಡರ ಕಣ್ಣಪ್ಪನಾಗಿ, ಕನಕದಾಸರಾಗಿ ಕೈಮುಗಿಸಿಕೊಂಡಿದ್ದವರು ಸೂಟು ಹಾಕಿ ಪಿಸ್ತೂಲು ಹಿಡಿದು ಬಂದರು. ಥಿಯೇಟರಿನಲ್ಲಿ ಶಿಳ್ಳೆ ಬಿತ್ತೇ ಹೊರತು ಯಾರೂ ಕಿಸಕ್ಕೆನ್ನಲಿಲ್ಲ. ನಿಮ್ಮ ತಂದೆಯವರ ಕಿವಿಯಲ್ಲಿ ಇನ್ನೂ ಆ ಶಿಳ್ಳೆಯೇ ಇದೆ.

ಹುಡುಗರ ನಗುವಿಗೂ ಕಾರಣ ಇಲ್ಲದಿಲ್ಲ. ದೊಡ್ಡ ಡಯಲ್ಲಿನ ಫೋನು, ಗೋಡೆಯ ತುಂಬ ಮಿಣಮಿಣ ದೀಪ, ಅಂದಿನ ಗತ್ತೆಲ್ಲ ಇಂದಿಗೆ ತಮಾಷೆ. ಬಾಂಡ್‌ನ ಅರವತ್ತರ ದಶಕದ ಚಿತ್ರಗಳಿಗೂ ಇದೇ ಗತಿ ಬಂದಿದೆ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಅಣ್ಣಾವ್ರು ಹಾಡಿದ ‘ಇಫ್ ಯೂ ಕಮ್ ಟುಡೇ’ಯನ್ನು ಫೋನಿಂದ ಫೋನಿಗೆ ಕಳಿಸಿಕೊಂಡು ನಕ್ಕವರೇ, ಆಮೇಲೆ ಅದನ್ನು ಬಾಯಿಪಾಠ ಹಾಡುತ್ತಿದ್ದುದನ್ನು ನಾನೇ ಮಾಟುಂಗದ ಮದುವೆಮನೆಯಲ್ಲಿ ಕೇಳಿದ್ದೇನೆ.

ಒಂದು ಷರತ್ತು ಹಾಕಿ. ತುಣುಕು ನೋಡಿ ನಗುವ ಹಾಗಿಲ್ಲ. ಅದೇ ಗೆಳೆಯರನ್ನು ಕರೆದು, ತಾತನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ, ಟೈಟಲ್ ಕಾರ್ಡಿನಿಂದ ‘ಶುಭಂ’ವರೆಗೆ ಪೂರ್ತಿ ಚಿತ್ರ ನೋಡಬೇಕು. ಅಷ್ಟಾದ ಮೇಲೂ ನಗು ಬಂದರೆ ನಗಲಿ ಬಿಡಿ. ನಿಮ್ಮ ತಂದೆಯವರೂ ಎಲ್ಲೋ ಒಂದು ಕಡೆ ನಗುತ್ತಾರೆ, ಕೇಳಿದರೆ ಮಾತ್ರ ಕೆಮ್ಮು ಅನ್ನುತ್ತಾರೆ.