ಪೊಲೀಸ್ ನಾಯಿಗೆ ಚಂದಾ ಎತ್ತುವ ಮುನ್ನ

(ಓದುಗರ ಪ್ರಶ್ನೆಗೆ ಪೊಲೀಸ್ ಶ್ವಾನದಳದಲ್ಲಿ ಹ್ಯಾಂಡ್ಲರ್, ಅಂದರೆ ನಾಯಿಯನ್ನು ನೋಡಿಕೊಂಡು ಅದರ ಜೊತೆ ಕೆಲಸ ಮಾಡುವವರಾಗಿ, ನಿವೃತ್ತರಾದ ಒಬ್ಬರ ಉತ್ತರ)

ಪ್ರಶ್ನೆ: ನಮ್ಮ ಬಡಾವಣೆಯವರು ಚಂದಾ ಎತ್ತಿ ಪೊಲೀಸರಿಗೆ ಒಂದು ನಾಯಿ ಕೊಡಿಸಬೇಕು ಅಂತಿದ್ದೇವೆ. ಪರಿಚಯದವರು ಜರ್ಮನ್ ಶೆಫರ್ಡ್ ಮರಿಯನ್ನು ಪುಕ್ಕಟೆ ಕೊಡ್ತಾರಂತೆ. ಅದನ್ನೇ ಕೊಟ್ಟು, ಚಂದಾ ದುಡ್ಡನ್ನು ಬೇರೆ ಕೆಲಸಕ್ಕೆ ಬಳಸಬಹುದಾ?

ಉತ್ತರ: ಮರಿ ಅವರ ಮನೆಯಲ್ಲೇ ಆಡಿಕೊಂಡಿರಲಿ. ತಳಿ ಒಳ್ಳೆಯದು ಅಂದ ಮಾತ್ರಕ್ಕೆ ಅದು ಕೆಲಸದ ನಾಯಿ ಆಗುವುದಿಲ್ಲ.

ನಾಯಿ ಆರಿಸಲು ಹೋದಾಗ ನಾನು ಮೊದಲು ಎತ್ತರದ ಹುಲ್ಲಿನೊಳಗೆ ಚೆಂಡು ಎಸೆಯುತ್ತಿದ್ದೆ. ಎರಡು ಸುತ್ತು ಹುಡುಕಿ, ಸಿಗಲಿಲ್ಲ ಅಂತ ನನ್ನ ಮುಖ ನೋಡುವ ನಾಯಿ ಮನೆಗೆ ಸರಿ. ಕರೆದರೂ ಬಾರದೆ ಮೂಗು ನೆಲಕ್ಕೆ ಹಚ್ಚಿ ಹುಡುಕುತ್ತಲೇ ಇರುವ ಹಟಮಾರಿ ನನಗೆ ಬೇಕಿತ್ತು. ಚೆಂಡೇ ಅದರ ಸಂಬಳ, ಆ ಆಸೆಯ ಮೇಲೇ ಪೂರ್ತಿ ತರಬೇತಿ ನಿಂತಿದೆ. ಆಮೇಲೆ ಜಾರುವ ನೆಲ, ಕತ್ತಲೆ ಮೆಟ್ಟಿಲು, ದೊಡ್ಡ ಸದ್ದಿಗೆ ಹೆದರುತ್ತದಾ ಅಂತ ನೋಡುತ್ತಿದ್ದೆ. ಕೊನೆಗೆ ಸೊಂಟದ ಎಕ್ಸ್‌ರೇ. ಶೆಫರ್ಡ್, ಲ್ಯಾಬ್ರಡಾರ್‌ಗಳಲ್ಲಿ ಆ ಕೀಲಿನ ತೊಂದರೆ ಜಾಸ್ತಿ. ಇಷ್ಟರಲ್ಲಿ ಎಷ್ಟೋ ನಾಯಿಗಳು ವಾಪಸ್ ಹೋಗುತ್ತವೆ.

ಹಾಗಾಗಿ ಮೊದಲು ಇಲಾಖೆಯವರನ್ನು ಕೇಳಿ. ಸರ್ಕಾರಿ ಇಲಾಖೆ ದೇಣಿಗೆ ಪಡೆಯಲು ಮೇಲಿನವರ ಲಿಖಿತ ಒಪ್ಪಿಗೆ ಬೇಕಾಗುತ್ತದೆ. ಅವರಿಗೆ ಬೇಕಿರುವುದು ಯಾವ ನಾಯಿ? ಬಾಂಬ್ ಹುಡುಕುವುದಾ, ಮಾದಕವಸ್ತು ಹುಡುಕುವುದಾ, ಜಾಡು ಹಿಡಿಯುವುದಾ? ಮೊದಲೆರಡನ್ನು ಒಂದೇ ನಾಯಿಗೆ ಕಲಿಸುವುದಿಲ್ಲ. ಎರಡನ್ನೂ ಕಲಿತ ನಾಯಿ ವಾಸನೆ ಸಿಕ್ಕಿತು ಅಂತ ಚೀಲದ ಮುಂದೆ ಕೂತರೆ, ಒಳಗಿರುವುದು ಗಾಂಜಾನೋ ಬಾಂಬೋ ಅಂತ ಹ್ಯಾಂಡ್ಲರ್‌ಗೆ ಹೇಗೆ ಗೊತ್ತಾಗಬೇಕು? ಬಾಂಬ್ ನಾಯಿ ಸುಮ್ನೆ ಕೂತು ತೋರಿಸಬೇಕು, ಕೆರೆಯಲೂ ಬಾರದು.

ಇನ್ನು ಹ್ಯಾಂಡ್ಲರ್. ನಾಯಿಯ ಜೊತೆ ವರ್ಷಗಟ್ಟಲೆ ಇರಲು ಮನಸ್ಸಿರುವ ಒಬ್ಬರು ಠಾಣೆಯಲ್ಲಿ ಇದ್ದಾರಾ? ಅವರೇ ವರ್ಗಾವಣೆಯಾಗಿ ಹೋದರೆ ನಾಯಿ ಹೊಸಬರ ಜೊತೆ ಮತ್ತೆ ಹೊಂದಿಕೊಳ್ಳಬೇಕು. ನಾಯಿ ಕೊಂಡು, ಹ್ಯಾಂಡ್ಲರ್ ಇಲ್ಲದೆ ಕೆನಲ್‌ನಲ್ಲಿ ಕಟ್ಟಿಹಾಕಿದ್ದನ್ನು ಕಂಡು ನನಗೆ ಹೊಟ್ಟೆ ಉರಿದಿದೆ.

ಚಂದಾ ದುಡ್ಡು ಬೇರೆ ಕೆಲಸಕ್ಕೆ ಖಂಡಿತ ಬೇಡ. ಜನ ಕೊಟ್ಟಿದ್ದು ನಾಯಿಗೆ. ನಾಯಿಯ ಖರ್ಚುಗಳೇ ಬೇಕಾದಷ್ಟಿವೆ ಬಿಡಿ. ನಾಯಿ, ಹ್ಯಾಂಡ್ಲರ್ ಇಬ್ಬರ ತರಬೇತಿಗೆ ತಿಂಗಳುಗಟ್ಟಲೆ ಬೇಕು, ಅದಾದ ಮೇಲೂ ಅಭ್ಯಾಸ ನಿಲ್ಲುವುದಿಲ್ಲ. ಆಹಾರ, ಲಸಿಕೆ, ವೈದ್ಯರು ಇದ್ದೇ ಇದೆ. ದಾನಿಗಳು ಸಾಮಾನ್ಯವಾಗಿ ಮರೆಯುವುದು ವಾಹನವನ್ನು. ನಿಂತ ಕಾರಿನೊಳಗಿನ ಬಿಸಿಗೆ ಕೆಲಸದ ನಾಯಿಗಳು ಸತ್ತಿವೆ. ಒಳಗೆ ಸೆಕೆ ಏರಿದರೆ ಎಚ್ಚರಿಸುವ ಅಲಾರಂ ಕೊಡಿಸಿ, ಫೋಟೊದಲ್ಲಿ ಕಾಣದಿದ್ದರೂ ಪರವಾಗಿಲ್ಲ. ದಾನಿಗಳ ಅಂಗಡಿ ಹೆಸರನ್ನು ನಾಯಿಯ ಮೈಮೇಲೆ ಬರೆಸುವ ಯೋಚನೆ ಇದ್ದರೆ ಅದನ್ನು ಇಲ್ಲಿಗೇ ಬಿಡಿ.

ಒಂದು ಪಾಲನ್ನು ಎತ್ತಿಡಿ. ಎಂಟು, ಒಂಬತ್ತು ವರ್ಷಕ್ಕೆ ನಾಯಿ ನಿವೃತ್ತಿಯಾಗುತ್ತದೆ. ಆಗ ಅದು ಯಾರ ಮನೆಗೆ ಹೋಗುತ್ತದೆ, ಕೀಲು ನೋವಿನ ಔಷಧಿಗೆ ಯಾರು ಕೊಡುತ್ತಾರೆ ಅನ್ನುವುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.