ಕಲಿಸುವವರೂ ಒಮ್ಮೆ ಹಾಡಬೇಕಲ್ವಾ?

ಈ ತಿಂಗಳ ಅಂಚೆಯಲ್ಲಿ ಅರ್ಧಕ್ಕರ್ಧ ಪತ್ರಗಳು ಸಂಗೀತ ಶಿಕ್ಷಕರ ಸಮ್ಮೇಳನಗಳ ಬಗ್ಗೆಯೇ ಇವೆ. ಬೆಳಿಗ್ಗೆ ಕಾರ್ಯಾಗಾರ, ಸಂಜೆ ಕಛೇರಿ, ಮಧ್ಯೆ ಊಟ. ಹೋಗುವವರು, ನಡೆಸುವವರು, ಮೇಡಂ ಹೋದರಲ್ಲಾ ಅಂತ ಸಿಟ್ಟಾದವರು, ಎಲ್ಲರೂ ಬರೆದಿದ್ದೀರಿ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ. ಹಾಗಾಗಿ ಎಲ್ಲರದ್ದೂ ಊರಷ್ಟೇ ಹಾಕಿದ್ದೇನೆ.

ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತೇನೆ. ಮದುವೆಯಾದ ಮೇಲೆ ವೇದಿಕೆ ಹತ್ತಿಲ್ಲ. ಮುಂದಿನ ತಿಂಗಳ ಸಮ್ಮೇಳನದಲ್ಲಿ ಶಿಕ್ಷಕರೇ ತಲಾ ಹದಿನೈದು ನಿಮಿಷ ಹಾಡಬೇಕಂತೆ. ಹೆಸರು ಕೊಟ್ಟುಬಿಟ್ಟೆ. ಈಗ ಕೈಕಾಲು ನಡುಗುತ್ತಿದೆ. ಏನು ಹಾಡಲಿ? (ತಿಪಟೂರು)

ಏನು ಹಾಡೋದು ಅನ್ನೋದು ಆಮೇಲಿನ ಮಾತು ತಾಯಿ. ಯಾವ ಶ್ರುತಿಗೆ ಹಾಡುತ್ತೀರಿ, ಅದನ್ನು ಮೊದಲು ಗೊತ್ತುಮಾಡಿಕೊಳ್ಳಿ. ದಿನಾ ಮಕ್ಕಳ ಜೊತೆ ಐದೂವರೆ, ಆರು ಮನೆಗೆ (ಮನೆ ಅಂದರೆ ಹಾರ್ಮೋನಿಯಂ ಕೀಲಿಗಳ ಲೆಕ್ಕದಲ್ಲಿ ಶ್ರುತಿಯ ಎತ್ತರ) ಹಾಡಿ ಹಾಡಿ ಅದೇ ನಮ್ಮ ಶ್ರುತಿ ಅಂದುಕೊಂಡಿರುತ್ತೇವೆ. ನಿಮ್ಮ ಗಂಟಲು ಈಗ ಐದಕ್ಕೋ ನಾಲ್ಕೂವರೆಗೋ ಇಳಿದಿರಬಹುದು. ಇಳಿದರೆ ಇಳಿಯಲಿ, ಅದರಲ್ಲಿ ನಾಚಿಕೆ ಏನಿಲ್ಲ. ಬೆಳಿಗ್ಗೆ ಮಕ್ಕಳು ಬರುವ ಮುಂಚೆ ತಂಬೂರಿ ಹಾಕಿಕೊಂಡು ನೋಡಿ. ಕೆಳಗೆ ಮಂದ್ರ ಪಂಚಮ ಸ್ಪಷ್ಟವಾಗಿ ಕೇಳಬೇಕು. ಮೇಲೆ ತಾರ ಗಾಂಧಾರ ಹಿಡಿದಾಗ ಕತ್ತಿನ ನರ ಎದ್ದು ಕಾಣಬಾರದು. ಇವೆರಡೂ ಆಗುವ ಜಾಗವೇ ನಿಮ್ಮ ಶ್ರುತಿ.

ಇನ್ನು, ಪಾಠ ಹೇಳುವವರಿಗೆಲ್ಲ ಒಂದು ಚಾಳಿ ಅಂಟಿಕೊಳ್ಳುತ್ತದೆ. ಅರ್ಧ ಸಾಲು ಹಾಡಿ ನಿಲ್ಲಿಸೋದು. ಮಕ್ಕಳು ತಿರುಗಿ ಹೇಳಲಿ ಅಂತ ಕಾಯೋದು. ವೇದಿಕೆಯ ಮೇಲೆ ಹೇಳುವ ಮಕ್ಕಳಿರುವುದಿಲ್ಲ, ಆದರೂ ಉಸಿರು ಅಲ್ಲೇ ನಿಲ್ಲುತ್ತದೆ. ಸಂಗತಿಗಳು, ಅಂದರೆ ಒಂದೇ ಸಾಲನ್ನು ಬೆಳೆಸುತ್ತಾ ಹಾಡುವ ಬಗೆಗಳು, ತುಂಡು ತುಂಡಾಗುತ್ತವೆ. ತೊಡೆ ಮೇಲೆ ತಾಳ ಬೀಳುವುದು ಹಿಂದಿನ ಸಾಲಿನವರಿಗೂ ಕೇಳುತ್ತದೆ. ಚೆನ್ನಾಗಿ ಪಾಠ ಹೇಳುವ ಎಷ್ಟೋ ಜನ ಕಛೇರಿಯಲ್ಲಿ ಸಪ್ಪೆಯಾಗೋದು ಇದರಿಂದಲೇ. ವಿದ್ಯೆ ಕಮ್ಮಿಯಾಗಿ ಅಲ್ಲ. ಅದಕ್ಕೆ ಈ ಒಂದು ತಿಂಗಳು ದಿನಾ ಒಂದು ಕೃತಿಯನ್ನು ಪಲ್ಲವಿಯಿಂದ ಚರಣದ ಕೊನೆಯವರೆಗೆ ನಿಲ್ಲಿಸದೆ ಹಾಡಿ. ತಪ್ಪಿದರೂ ಹಿಂದೆ ಹೋಗಬೇಡಿ, ಮುಂದಕ್ಕೆ ನಡೆಯಿರಿ.

ಹದಿನೈದು ನಿಮಿಷಕ್ಕೆ ತೋಡಿ, ಭೈರವಿ ಅಂತೆಲ್ಲ ಹೋಗಬೇಡಿ. ರಾಗ ಕಣ್ಣು ಬಿಡುವಷ್ಟರಲ್ಲಿ ಗಂಟೆ ಹೊಡೆಯುತ್ತಾರೆ. ಎರಡು ಮೂರು ನಿಮಿಷ ಆಲಾಪನೆ, ಮಧ್ಯಮ ಕಾಲದ ಒಂದು ಕೃತಿ, ಧೈರ್ಯವಿದ್ದರೆ ನಾಲ್ಕಾವರ್ತ ಸ್ವರ. ಕೊನೆಗೆ ಒಂದು ಉಗಾಭೋಗ, ಅದರ ಬೆನ್ನಿಗೇ ಒಂದು ದೇವರನಾಮ. ಉಗಾಭೋಗಕ್ಕೆ ತಾಳದ ಕಟ್ಟಿಲ್ಲ, ನಡುಗುವ ಗಂಟಲಿಗೆ ಅಲ್ಲಿ ಒಂದಿಷ್ಟು ಬಿಡುವು ಸಿಗುತ್ತದೆ. ಮತ್ತೆ, ದಯವಿಟ್ಟು ವಾತಾಪಿ ಗಣಪತಿಂ ಬೇಡ. ಹಂಸಧ್ವನಿ ಮೇಲೆ ನನಗೇನೂ ಕೋಪವಿಲ್ಲ. ಆದರೆ ಆ ಸಂಜೆ ನಿಮಗಿಂತ ಮುಂಚೆ ಅದನ್ನು ಮೂರು ಜನ ಹಾಡಿರುತ್ತಾರೆ.

ಪಕ್ಕವಾದ್ಯದವರ ಜೊತೆ ಮುಂಚೆ ಕೂತು ಅಭ್ಯಾಸ ಮಾಡಲು ಇಂಥ ಕಡೆ ಸಮಯವೇ ಸಿಗಲ್ಲ. ಶ್ರುತಿ ಎಷ್ಟು ಅಂತ ಮೃದಂಗದವರಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿ. ಒಂದು ಮನೆಗೂ ಐದು ಮನೆಗೂ ಅವರು ಬೇರೆ ಬೇರೆ ಮೃದಂಗ ತರಬೇಕಾಗುತ್ತದೆ. ವೇದಿಕೆ ಹತ್ತುವ ಮುಂಚೆ ರಾಗ, ತಾಳ, ಎಡುಪು (ತಾಳದಲ್ಲಿ ಹಾಡು ಶುರುವಾಗುವ ಜಾಗ) ಒಂದು ಚೀಟಿಯಲ್ಲಿ ಬರೆದು ಪಿಟೀಲಿನವರಿಗೂ ಮೃದಂಗದವರಿಗೂ ಕೊಟ್ಟುಬಿಡಿ.

ನಾವು ಕೆಲವು ಗೆಳೆಯರು ಸೇರಿ ಸುತ್ತಲಿನ ಮೂರು ತಾಲ್ಲೂಕುಗಳ ಸಂಗೀತ ಶಿಕ್ಷಕರನ್ನು ಕರೆದು ಎರಡು ದಿನದ ಸಮ್ಮೇಳನ ಮಾಡಬೇಕೆಂದಿದ್ದೇವೆ. ದುಡ್ಡು ಅಷ್ಟಕ್ಕಷ್ಟೇ. ದೊಡ್ಡ ಕಲಾವಿದರನ್ನು ಕರೆಸದಿದ್ದರೆ ಜನ ಬರುತ್ತಾರಾ? (ಸಾಗರ)

ಜನ ಬರಬೇಕೋ ಶಿಕ್ಷಕರು ಬರಬೇಕೋ, ಮೊದಲು ಅದನ್ನು ತೀರ್ಮಾನ ಮಾಡಿಕೊಳ್ಳಿ.

ಬೆಳಿಗ್ಗೆ ಮಾತು, ಸಂಜೆ ಹಾಡು ಅನ್ನೋ ಪದ್ಧತಿ ಹೊಸದಲ್ಲ. 1916ರಲ್ಲಿ ಹಿಂದುಸ್ತಾನಿ ಸಂಗೀತದ ವಿದ್ವಾಂಸ ಭಾತಖಂಡೆಯವರ ಮುತುವರ್ಜಿಯಿಂದ ಬರೋಡಾದಲ್ಲಿ ಅಖಿಲ ಭಾರತ ಸಂಗೀತ ಸಮ್ಮೇಳನ ಆಯಿತು. 1927ರಲ್ಲಿ ಮದ್ರಾಸಿನ ಕಾಂಗ್ರೆಸ್ ಅಧಿವೇಶನದ ಜೊತೆಗೇ ಒಂದು ಸಂಗೀತ ಸಮ್ಮೇಳನ ನಡೆದು, ಅದರಿಂದಲೇ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಅಲ್ಲಿ ಡಿಸೆಂಬರ್‌ನ ಬೆಳಗಿನ ಗೋಷ್ಠಿಗಳು ಇವತ್ತಿಗೂ ನಡೆಯುತ್ತವೆ. ನಮ್ಮ ಬೆಂಗಳೂರು ಗಾಯನ ಸಮಾಜ ಇನ್ನೂ ಹಿಂದಿನದು, 1905ರದ್ದು. ಅದರ ವಾರ್ಷಿಕ ಸಮ್ಮೇಳನದಲ್ಲೂ ವಿದ್ವತ್ ಗೋಷ್ಠಿ ಉಂಟು. ಆದರೆ ಇಂಥ ಗೋಷ್ಠಿಗಳಲ್ಲಿ ರಾಗಲಕ್ಷಣದ ಬಗ್ಗೆ ಎಷ್ಟು ಬೇಕಾದರೂ ವಾದ ಕೇಳಬಹುದು. ಏಳು ವರ್ಷದ ಮಗುವಿಗೆ ಒಂದೊಂದು ಸ್ವರವನ್ನೂ ಎರಡೆರಡು ಸಲ ಹಾಡುವ ಜಂಟಿ ವರಸೆ ಬಾಯಿಗೆ ಬಾರದಿದ್ದರೆ ಏನು ಮಾಡಬೇಕು ಅನ್ನೋದು ಅಪರೂಪಕ್ಕೂ ಬರುವುದಿಲ್ಲ. ತಾಲ್ಲೂಕಿನ ಶಿಕ್ಷಕರಿಗೆ ದಿನಾ ಬೆಳಗಾದರೆ ಅದೇ ತಲೆನೋವು.

ಹಾಗಾಗಿ ನಾನು ಹೇಳೋದು ಇಷ್ಟು. ಸಂಗೀತದ ಗಂಧವೇ ಇಲ್ಲದ ಒಂದು ಮಗುವನ್ನು, ಅಪ್ಪ ಅಮ್ಮನ ಒಪ್ಪಿಗೆ ಕೇಳಿ, ಕರೆತನ್ನಿ. ವೇದಿಕೆ ಬೇಡ, ಜಮಖಾನದ ಮೇಲೆ ಕೂರಿಸಿ. ಮೂರು ಜನ ಶಿಕ್ಷಕರು ಒಬ್ಬರಾದ ಮೇಲೊಬ್ಬರು ಮೊದಲ ಸರಳೆ ವರಸೆ, ಅಂದರೆ ಸ ರಿ ಗ ಮ ಪಾಠ, ಹೇಳಿಕೊಡಲಿ. ಉಳಿದವರು ಬಾಯಿ ಮುಚ್ಚಿಕೊಂಡು ನೋಡಲಿ. ಎಲ್ಲಕ್ಕಿಂತ ಕಷ್ಟ ಈ ಬಾಯಿ ಮುಚ್ಚಿಕೊಳ್ಳುವುದೇ.

ಏನು ಕಾಣುತ್ತೆ ಗೊತ್ತಾ? ಮಗು ಸ ರಿ ಗ ಮ ತನಕ ಸಲೀಸಾಗಿ ಬರುತ್ತದೆ. ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ತಾಳದ ಮೊದಲ ಭಾಗವಾದ ಲಘು ಮುಗಿಯಿತು. ಪಂಚಮಕ್ಕೆ ಬಂದ ಕೂಡಲೇ ಬೆರಳೆಣಿಕೆ ಬಿಟ್ಟು ಮುಂದಿನ ಭಾಗವಾದ ದ್ರುತದ ತಟ್ಟಿಗೆ ಹೋಗಬೇಕು, ಮುಂದಿನ ಅಕ್ಷರಕ್ಕೆ ಅಂಗೈ ತಿರುಗಿಸಬೇಕು. ಕೈ ಬದಲಾಗುವುದೂ ಸ್ವರ ಮೇಲೇರುವುದೂ ಒಂದೇ ಗಳಿಗೆಯಲ್ಲಿ. ಮಗು ಅಲ್ಲೇ ಎಡವುತ್ತದೆ. ಪಂಚಮ ಜಾರುತ್ತದೆ, ಇಲ್ಲಾ ಕೈ ನಿಲ್ಲುತ್ತದೆ. ನಾವು ‘ಶ್ರುತಿ ಇಲ್ಲ’ ಅಂತ ಗದರುತ್ತೇವೆ. ತೊಂದರೆ ಶ್ರುತಿಯದಲ್ಲ, ಕೈಯದು. ಒಬ್ಬರು ಹಾಡು ನಿಲ್ಲಿಸಿ ಬರೀ ತಾಳ ಹಾಕಿಸುತ್ತಾರೆ. ಇನ್ನೊಬ್ಬರು ತಾಳ ತಾವೇ ಹಾಕಿ ಮಗುವಿನಿಂದ ಹಾಡಷ್ಟೇ ಕೇಳುತ್ತಾರೆ. ಮತ್ತೊಬ್ಬರು ಮಗುವಿನ ಕೈ ಹಿಡಿದು ತಟ್ಟಿಸುತ್ತಾರೆ. ಯಾವುದಕ್ಕೆ ಮಗು ಬೇಗ ಹಿಡಿಯಿತು ಅಂತ ಇಪ್ಪತ್ತು ಜೊತೆ ಕಣ್ಣು ನೋಡಿದರೆ ಅದಕ್ಕಿಂತ ಕಾರ್ಯಾಗಾರ ಬೇಕಾ?

ಅಲ್ಲೇ ಒಂದು ಜಗಳವೂ ಏಳುತ್ತದೆ, ಏಳಲಿ. ಮೊದಲ ಪಾಠಕ್ಕೆ ಮಾಯಾಮಾಳವಗೌಳ ರಾಗ ಬಿಟ್ಟು ಶಂಕರಾಭರಣದಿಂದ ಶುರು ಮಾಡಬಾರದೇಕೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ಮಾಯಾಮಾಳವಗೌಳದ ಕಡೆಯವಳು. ಪುರಂದರದಾಸರು ಹಾಕಿಕೊಟ್ಟ ಕ್ರಮ ಅನ್ನೋ ಭಕ್ತಿ ಒಂದು ಕಡೆ ಇರಲಿ. ಆ ರಾಗದಲ್ಲಿ ಸ ರಿ ಗ ಮ ಹೇಗೆ ಹೆಜ್ಜೆ ಹಾಕುತ್ತೋ ಪ ದ ನಿ ಸ ಕೂಡ ಹಾಗೇ ಹಾಕುತ್ತೆ. ರಿಷಭ ಷಡ್ಜಕ್ಕೆ ಅಂಟಿಕೊಂಡ ಹಾಗೆ ಧೈವತ ಪಂಚಮಕ್ಕೆ. ಗಾಂಧಾರ ಮಧ್ಯಮಕ್ಕೆ ಹತ್ತಿರವಿದ್ದ ಹಾಗೆ ನಿಷಾದ ಮೇಲಿನ ಷಡ್ಜಕ್ಕೆ. ಅರ್ಧ ಕಲಿತರೆ ಪೂರ್ತಿ ಬಂದಂತೆ.

ಖರ್ಚಿನ ಮಾತು. ಶಾಲು, ಹಾರ, ಸ್ಮರಣಿಕೆ ಕೈಬಿಡಿ. ಉಳಿದ ದುಡ್ಡು ಒಳ್ಳೇ ಮೈಕಿಗೆ, ಒಳ್ಳೇ ಊಟಕ್ಕೆ ಹಾಕಿ. ಉದ್ಘಾಟನೆ ಭಾಷಣ ಅರ್ಧ ಗಂಟೆ ದಾಟಿದರೆ ಶ್ರುತಿ ಪೆಟ್ಟಿಗೆಯ ಸದ್ದು ಜೋರು ಮಾಡಿ, ಅತಿಥಿಗಳಿಗೆ ಅರ್ಥ ಆಗುತ್ತೆ.

ನಾನು ಹಾರ್ಮೋನಿಯಂ ಹಿಡಿದು ಹಿಂದುಸ್ತಾನಿ ಕಲಿಸುವವನು. ಸಮ್ಮೇಳನದಲ್ಲಿ ಬಹಳ ಮಂದಿ ಕರ್ನಾಟಕಿಯವರು. ‘ಐದೂವರೆ ಮನೆ’ ಅಂದರು, ನಾ ಸುಮ್ನೆ ತಲೆ ಆಡಿಸಿದೆ. ನಮ್ಮಂಥವರು ಹೋಗಿ ಉಪಯೋಗ ಏನ್ರೀ? (ಗದಗ)

ಗದಗದಲ್ಲಿ ಕೂತು ಈ ಪ್ರಶ್ನೆ ಕೇಳ್ತೀರಲ್ಲ ಸರ್! ನಿಮ್ಮೂರಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಎರಡೂ ಪದ್ಧತಿ ಬರುತ್ತಿತ್ತು.

ಅವರ ಐದೂವರೆ ಅಂದರೆ ನಿಮ್ಮ ಕಾಳಿ ನಾಲ್ಕು, ಅಂದರೆ ನಾಲ್ಕನೇ ಕಪ್ಪು ಮನೆ. ಒಂದೂವರೆ ಅಂದರೆ ಕಾಳಿ ಒಂದು, ಎರಡೂವರೆ ಕಾಳಿ ಎರಡು, ನಾಲ್ಕೂವರೆ ಕಾಳಿ ಮೂರು. ಅರ್ಧ ಬಂದಲ್ಲೆಲ್ಲ ಕಪ್ಪು ಮನೆ, ಅಷ್ಟೇ ಲೆಕ್ಕ. ರಾಗಗಳಲ್ಲಿ ಅವರ ಮೋಹನ ನಿಮ್ಮ ಭೂಪ್, ಹಿಂದೋಳ ನಿಮ್ಮ ಮಾಲಕಂಸ್, ಕಲ್ಯಾಣಿ ಯಮನ್‌ಗೆ ಹತ್ತಿರ. ತೋಡಿಯಲ್ಲಿ ಮಾತ್ರ ಹುಷಾರು. ಅವರು ತೋಡಿ ಅಂದಾಗ ಹಾಕುವ ಸ್ವರಗಳು ನಿಮ್ಮ ಭೈರವಿಯವು. ಮುಂದಿನ ಸಲ ನೀವೇ ಹಾರ್ಮೋನಿಯಂ ಇಟ್ಟುಕೊಂಡು ಹಿಂದೋಳ ಹಾಡುವವರೊಬ್ಬರ ಪಕ್ಕ ಕೂತು ಮಾಲಕಂಸ್ ಹಾಡಿ. ಸ್ವರ ಅವೇ, ಓಡಾಟ ಬೇರೆ. ಮಾಲಕಂಸ್‌ನಲ್ಲಿ ನೀವು ಒಂದೊಂದು ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲುತ್ತೀರಿ ಅಂತ ಅವರು ನೋಡಲಿ. ಅವರು ಸ್ವರವನ್ನು ತೂಗುವ ಗಮಕ ನೀವು ನೋಡಿ.

ಒಂದೇ ಹೊತ್ತಿಗೆ ಮೂರು ಕಾರ್ಯಾಗಾರ ಇಟ್ಟಿದ್ದಾರೆ: ಮನೋಧರ್ಮ (ಆ ಕ್ಷಣಕ್ಕೆ ಹೊಳೆದಂತೆ ಹಾಡುವುದು), ಆನ್‌ಲೈನ್ ಪಾಠ, ಬೆಳೆಯುವ ಮಕ್ಕಳ ಕಂಠ. ಯಾವುದಕ್ಕೆ ಹೋಗಲಿ? (ಚನ್ನರಾಯಪಟ್ಟಣ)

ಮೂರನೆಯದು. ಅದಕ್ಕೇ ಜನ ಕಮ್ಮಿ ಇರುತ್ತಾರೆ, ಹಾಗಾಗಿ ಪ್ರಶ್ನೆ ಕೇಳಲು ಪುರುಸೊತ್ತೂ ಸಿಗುತ್ತದೆ. ನಮ್ಮ ಪಾಠದ ಮನೆಗಳಲ್ಲಿ ಹುಡುಗರು ಹನ್ನೆರಡು, ಹದಿಮೂರಕ್ಕೆ ಮಾಯವಾಗುತ್ತಾರೆ, ಗಮನಿಸಿದ್ದೀರಾ? ಧ್ವನಿ ಒಡೆಯುತ್ತದೆ, ಹುಡುಗಿಯರ ಮುಂದೆ ನಾಚಿಕೆ ಆಗುತ್ತದೆ, ಹುಡುಗ ಕ್ರಿಕೆಟ್‌ಗೆ ಹೋಗುತ್ತಾನೆ. ಹೆಚ್ಚುಕಮ್ಮಿ ಒಂದು ಸ್ಥಾಯಿ ಕೆಳಗಿಳಿಯುವ ಧ್ವನಿ ಅದು. ಹಳೇ ಐದೂವರೆಯಲ್ಲೇ ಕೂಗಿಸಿದರೆ ಗಂಟಲು ಕೆಡುತ್ತದೆ. ಪೂರ್ತಿ ನಿಲ್ಲಿಸಿದರೆ ಹುಡುಗ ಮತ್ತೆ ಬರುವುದಿಲ್ಲ. ಅವನನ್ನು ಬೇರೆ ಹೊತ್ತಿನಲ್ಲಿ ಒಬ್ಬನನ್ನೇ ಕೂರಿಸಿ, ತಾರಸ್ಥಾಯಿ ಬಿಟ್ಟುಬಿಡಿ, ಆರಾಮಾಗಿ ಬರುವ ನಾಲ್ಕೈದು ಸ್ವರದಲ್ಲೇ ಹಾಡಿಸಿ. ಎರಡು ಮೂರು ತಿಂಗಳಿಗೊಮ್ಮೆ ಶ್ರುತಿ ನೋಡಿ ಬದಲಾಯಿಸಿ. ಆ ಹೊತ್ತಿಗೆ ತಾಳ, ಸ್ವರಲಿಪಿ, ಲಕ್ಷಣ ಹೇಳಿಕೊಡಿ. ಒಂದೋ ಒಂದೂವರೆಯೋ, ಎಲ್ಲಿಗೆ ಬಂದು ನಿಲ್ಲುತ್ತೋ ಅಲ್ಲಿಂದ ಮತ್ತೆ ವರ್ಣ ಶುರು ಮಾಡಿ.

ಮಗಳ ಸಂಗೀತ ಮೇಡಂ ಸಮ್ಮೇಳನ ಅಂತ ಎರಡು ಕ್ಲಾಸ್ ರಜೆ ಹಾಕಿದರು. ಫೀಸು ಮಾತ್ರ ಪೂರ್ತಿ ತಗೊಂಡರು. ಸರೀನಾ? (ಬೆಂಗಳೂರು)

ಸರಿ.

ಕಾರ್ಯಾಗಾರ ಪೂರ್ತಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದಾ? (ಹಾಸನ)

ಹೇಳಿಕೊಡುವವರನ್ನು ಕೇಳಿ ಮಾಡಿ. ಒಪ್ಪಿದರೂ ಹೊಸ ಕೃತಿಯ ಸ್ವರಲಿಪಿಯನ್ನು ಅಲ್ಲೇ ಕೈಯಲ್ಲಿ ಬರೆದುಕೊಳ್ಳಿ. ಬರೆಯುವಾಗ ಅನುಮಾನ ಬರುತ್ತದೆ, ಮಧ್ಯಾಹ್ನ ಊಟದ ಸಾಲಿನಲ್ಲಿ ಅವರನ್ನೇ ಹಿಡಿದು ಕೇಳಬಹುದು. ಮತ್ತೆ ಆ ವಿಡಿಯೋವನ್ನು ಊರಿನ ಎಲ್ಲ ಗುಂಪುಗಳಿಗೂ ಕಳಿಸಬೇಡಿ. ನಿಮ್ಮ ಪಕ್ಕ ಕೂತವರು ತಪ್ಪಿ ಹಾಡಿದ್ದೂ ಅದರಲ್ಲಿ ಇರುತ್ತೆ.